ಮ್ಯಾಂಟಿಸ್‌ನ ಎರಡು ರೆಕ್ಕೆಗಳ ಬಣ್ಣ ಒಂದೇಯೇ? ನೋಡಿ, ಅಳೆದು, ಅರ್ಥಮಾಡಿಕೊಳ್ಳಲು ಒಂದು ಸಮಗ್ರ ಮಾರ್ಗದರ್ಶಿ

ಹಲವು ವರ್ಷಗಳ ಹಿಂದೆ ಒಂದು ಮ್ಯಾಂಟಿಸ್ ನನ್ನನ್ನು ಚೆನ್ನಾಗಿ ಏಮಾರಿಸಿತು. ಕಿಟಕಿಯ ಪಕ್ಕದ ಗಿಡದ ಮೇಲೆ ಕುಳಿತಿದ್ದ ಅದರ ಎಡರೆಕ್ಕೆ ಎಳೆಹಸಿರು, ಬಲರೆಕ್ಕೆ ಒಣಹುಲ್ಲಿನ ಬಣ್ಣ. ಅಪರೂಪದ್ದು ಸಿಕ್ಕಿತೆಂದು ಪುಟಗಟ್ಟಲೆ ಟಿಪ್ಪಣಿ ಬರೆದೆ, ಚಿತ್ರ ಬಿಡಿಸಿದೆ. ಇನ್ನೇನು ಎಲ್ಲರಿಗೂ ಹೇಳಬೇಕು ಎನ್ನುವಷ್ಟರಲ್ಲಿ ಅದು ಕಡ್ಡಿಯ ಮೇಲೆ ತಿರುಗಿ ಕುಳಿತಿತು. ಎಡದಲ್ಲಿದ್ದ ಹಸಿರು ಬಲಕ್ಕೆ ಹೋಗಿತ್ತು! ಬಣ್ಣದ ವ್ಯತ್ಯಾಸ ಇದ್ದದ್ದು ರೆಕ್ಕೆಯಲ್ಲಲ್ಲ, ಕಿಟಕಿಯಿಂದ ಬರುತ್ತಿದ್ದ ಬೆಳಕಿನಲ್ಲಿ.

ಸೂರ್ಯನ ಕುದುರೆ, ಪ್ರಾರ್ಥನೆಯ ಕೀಟ ಎಂದೆಲ್ಲ ಕರೆಸಿಕೊಳ್ಳುವ ಈ ಬೇಟೆಗಾರ ಕೀಟಗಳಲ್ಲಿ 2,400ಕ್ಕೂ ಹೆಚ್ಚು ಪ್ರಭೇದಗಳಿವೆ. ಎಲೆ, ಕಡ್ಡಿ, ತೊಗಟೆ, ಹೂವು, ಪಾಚಿ, ಹೀಗೆ ಯಾವುದರಂತೆ ಬೇಕಾದರೂ ಕಾಣುವ ಸಾಮರ್ಥ್ಯ ಈ ಗುಂಪಿಗಿದೆ. ಅವುಗಳ ಎಡ–ಬಲ ರೆಕ್ಕೆಗಳ ಬಣ್ಣ ಬೇರೆಬೇರೆಯಾಗಿದೆ ಎಂದು ನಿಮಗೆ ಅನ್ನಿಸಿದರೆ ಅದು ನಿಜವೇ, ನಿಜವಾದರೆ ಎಂಥದು, ಅದಕ್ಕೂ ಛದ್ಮವೇಷಕ್ಕೂ ಸಂಬಂಧವಿದೆಯೇ ಎಂದು ಕಂಡುಕೊಳ್ಳುವ ಬಗೆಯನ್ನು ಮುಂದೆ ಬರೆದಿದ್ದೇನೆ. ವಿಶೇಷ ಉಪಕರಣವೇನೂ ಬೇಡ. ತಾಳ್ಮೆ ಬೇಕು, ಮತ್ತು ತನ್ನ ಕಣ್ಣನ್ನೇ ಅನುಮಾನಿಸುವ ಒಂದಿಷ್ಟು ಕೆಟ್ಟ ಬುದ್ಧಿಯೂ ಬೇಕು.

ಹೆಜ್ಜೆ 1: ಮೊದಲು ರೆಕ್ಕೆಯನ್ನು ಓದಲು ಕಲಿಯಿರಿ

ಪೂರ್ಣ ರೆಕ್ಕೆ ಇರುವುದು ಬೆಳೆದ ಕೀಟಕ್ಕೆ ಮಾತ್ರ. ಮರಿಗಳಲ್ಲಿ ಬೆನ್ನ ಮೇಲೆ ರೆಕ್ಕೆಯ ಮೊಗ್ಗುಗಳಷ್ಟೇ ಕಾಣುತ್ತವೆ. ಕೊನೆಯ ಪೊರೆ ಕಳಚುವ ಮುನ್ನ ಅವು ಉಬ್ಬಿಕೊಳ್ಳುತ್ತವೆ. ಕೆಲವು ಪ್ರಭೇದಗಳ ಹೆಣ್ಣುಗಳಿಗೆ ಬೆಳೆದ ಮೇಲೂ ಮೋಟು ರೆಕ್ಕೆಯೇ. ಆದ್ದರಿಂದ ನಿಮ್ಮ ಮುಂದಿರುವುದು ಮರಿಯೋ ಮೋಟುರೆಕ್ಕೆಯ ಹೆಣ್ಣೋ ಎಂದು ಮೊದಲೇ ಖಚಿತಪಡಿಸಿಕೊಳ್ಳಿ.

ರೆಕ್ಕೆಗಳು ಎರಡು ಜೊತೆ. ಮೇಲಿನ ಜೊತೆ, ಅಂದರೆ ಮುಂರೆಕ್ಕೆಗಳು, ಚರ್ಮದಂತೆ ಸ್ವಲ್ಪ ಗಟ್ಟಿ. ಕೆಳಗಿನ ಜೊತೆ, ಹಿಂರೆಕ್ಕೆಗಳು, ತೆಳ್ಳನೆಯ ಪೊರೆ. ಬೀಸಣಿಗೆಯಂತೆ ಮಡಿಸಿಕೊಂಡು ಮುಂರೆಕ್ಕೆಗಳ ಅಡಿಯಲ್ಲಿ ಸೇರಿಕೊಳ್ಳುತ್ತವೆ. ಕೀಟ ಸುಮ್ಮನೆ ಕುಳಿತಾಗ ನಮಗೆ ಕಾಣುವುದು ಬಹುಪಾಲು ಮುಂರೆಕ್ಕೆಗಳೇ.

ಇನ್ನು ಈ ಇಡೀ ವಿಷಯದ ಕೀಲಿಕೈ. ಕುಳಿತಾಗ ಒಂದು ಮುಂರೆಕ್ಕೆ ಇನ್ನೊಂದರ ಮೇಲೆ ಹಾಯ್ದು ಕೂರುತ್ತದೆ, ನಾವು ಶಾಲಿನ ಒಂದು ಮಗ್ಗುಲನ್ನು ಇನ್ನೊಂದರ ಮೇಲೆ ಎಳೆದುಕೊಂಡಂತೆ. ಹಾಗಾಗಿ ಮೇಲಿರುವ ರೆಕ್ಕೆ ಇಡಿಯಾಗಿ ಹೊರಗೆ ಕಾಣುತ್ತದೆ, ಕೆಳಗಿರುವುದರ ಒಂದು ಪಟ್ಟಿ ಮುಚ್ಚಿಹೋಗುತ್ತದೆ. ಮುಚ್ಚಿಹೋದ ಪಟ್ಟಿಯನ್ನು ಯಾವ ಹಕ್ಕಿಯೂ ನೋಡುವುದಿಲ್ಲ. ನೋಡದ ಜಾಗಕ್ಕೆ ಬಣ್ಣ ಬಳಿಯುವ ಅಗತ್ಯವೇನು?

ಇದು ಬರೀ ತರ್ಕವಲ್ಲ. ಮ್ಯಾಂಟಿಸ್‌ಗಳ ಹತ್ತಿರದ ನೆಂಟರಾದ ಜಿರಳೆಗಳಲ್ಲಿ ಇದಕ್ಕೆ ಅಚ್ಚುಕಟ್ಟಾದ ಉದಾಹರಣೆ ಇದೆ. ದಕ್ಷಿಣ ಭಾರತದ ಥೆರಿಯಾ ಪೆಟಿವೆರಿಯಾನಾ ಎಂಬ ಕಾಡುಜಿರಳೆಯ ಕಪ್ಪು ಮೈಮೇಲೆ ಏಳು ಬಿಳಿ ಚುಕ್ಕೆಗಳು. ಏಳನ್ನು ಎರಡು ರೆಕ್ಕೆಗೆ ಸಮನಾಗಿ ಹಂಚಲಾಗದಲ್ಲ! ಎಡ ಮುಂರೆಕ್ಕೆಯ ಮೇಲೆ ನಾಲ್ಕು, ಬಲದ್ದರ ಮೇಲೆ ಮೂರು. ಎಡದ್ದು ಮೇಲೆ ಬಂದು ಬಲದ್ದರ ಒಂದು ಭಾಗವನ್ನು ಮುಚ್ಚುತ್ತದೆ; ಮುಚ್ಚಿದ ಭಾಗದ ಬಣ್ಣವೇ ಬೇರೆ. ರೆಕ್ಕೆಗಳನ್ನು ಬಿಡಿಬಿಡಿಯಾಗಿ ಇಟ್ಟರೆ ಒಂದಕ್ಕೊಂದು ಹೊಂದುವುದಿಲ್ಲ, ಮಡಚಿ ಕುಳಿತಾಗ ಮಾತ್ರ ಇಡೀ ಚಿತ್ರ ಸರಿಹೋಗುತ್ತದೆ. ರೆಕ್ಕೆ ಅಸಮ, ಪ್ರಾಣಿ ಸಮ. ಮ್ಯಾಂಟಿಸ್ ನೋಡುವಾಗಲೂ ಇದನ್ನು ತಲೆಯಲ್ಲಿಟ್ಟುಕೊಳ್ಳಿ: ಕೇಳಬೇಕಾದ ಪ್ರಶ್ನೆ ‘ಎರಡು ರೆಕ್ಕೆ ಒಂದೇ ರೀತಿ ಇವೆಯೇ’ ಎಂಬುದಲ್ಲ, ‘ಹೊರಗೆ ಕಾಣುವ ಎರಡು ಭಾಗಗಳು ಒಂದೇ ರೀತಿ ಇವೆಯೇ’ ಎಂಬುದು.

ಹೆಜ್ಜೆ 2: ಸಲಕರಣೆ ಜೋಡಿಸಿಕೊಳ್ಳಿ

ಹತ್ತಿರದ ಚಿತ್ರ ತೆಗೆಯಬಲ್ಲ ಕ್ಯಾಮೆರಾ ಅಥವಾ ಮೊಬೈಲ್, ಬಿಳಿ ಕಾಗದ, ಬೂದು ಬಣ್ಣದ ಒಂದು ರಟ್ಟು, ಮಿಲಿಮೀಟರ್ ಗೆರೆಗಳಿರುವ ಅಳತೆಪಟ್ಟಿ, ಮೃದುವಾದ ಚಿತ್ರಕಲೆಯ ಕುಂಚ, ಪಾರದರ್ಶಕ ಡಬ್ಬಿ, ತೆಳ್ಳನೆಯ ಕಡ್ಡಿ, ನೋಟ್‌ಬುಕ್. ಬೂದು ರಟ್ಟನ್ನು ಮರೆಯಬೇಡಿ. ಪ್ರತಿ ಚಿತ್ರದ ಮೂಲೆಯಲ್ಲೂ ಅದು ಇದ್ದರೆ ಬೇರೆಬೇರೆ ದಿನದ ಚಿತ್ರಗಳನ್ನು ಆಮೇಲೆ ಒಂದೇ ಅಳತೆಗೆ ತರಬಹುದು. ಇಲ್ಲದಿದ್ದರೆ ಮೋಡದ ದಿನದ ಹಸಿರನ್ನೂ ಬಿಸಿಲಿನ ಹಸಿರನ್ನೂ ಹೋಲಿಸುತ್ತ ಕೂರಬೇಕಾಗುತ್ತದೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಅನ್ನು ಆಟೋದಲ್ಲಿ ಬಿಡದೆ ಒಂದು ಕಡೆ ಕಟ್ಟಿಹಾಕಿ. ಹಸಿರು ಎಲೆಗಳ ನಡುವೆ ಆಟೋ ಕ್ಯಾಮೆರಾ ತನಗೆ ತೋಚಿದಂತೆ ಬಣ್ಣ ತಿದ್ದುತ್ತದೆ.

ಹೆಜ್ಜೆ 3: ಇದ್ದ ಜಾಗದಲ್ಲೇ ಮೊದಲ ಚಿತ್ರ

ಮುಟ್ಟುವ ಮೊದಲು ಅದು ಕುಳಿತ ಜಾಗವನ್ನು ಚಿತ್ರಿಸಿಕೊಳ್ಳಿ. ಛದ್ಮವೇಷ ಎನ್ನುವುದು ಕೀಟದ ಗುಣವಲ್ಲ, ಕೀಟಕ್ಕೂ ಹಿನ್ನೆಲೆಗೂ ಇರುವ ಸಂಬಂಧ. ಡಬ್ಬಿಯೊಳಗೆ ಹಾಕಿದ ಕ್ಷಣವೇ ಆ ಸಂಬಂಧ ಕಡಿದುಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಒಂದು ಚಿತ್ರ ದೂರದಿಂದ, ಗಿಡ ಇಡಿಯಾಗಿ ಕಾಣುವಂತೆ. ಇನ್ನೊಂದು ಮೇಲಿನಿಂದ, ಬೆನ್ನಿನ ನಡುಗೆರೆ ಚಿತ್ರದ ಮಧ್ಯಕ್ಕೆ ಬರುವಂತೆ. ಎಡ, ಬಲ ಮಗ್ಗುಲುಗಳಿಂದ ಒಂದೊಂದು. ಅದು ಎಲೆಯ ಮೇಲೆ ಕುಳಿತಿತ್ತೋ ಅಡಿಯಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತೋ ಎಂಬುದನ್ನೂ ಬರೆದುಕೊಳ್ಳಿ. ತಲೆಕೆಳಗಾಗಿ ಕುಳಿತರೆ ಮುಂರೆಕ್ಕೆಗಳು ನೆಲದ ಕಡೆಗಿರುತ್ತವೆ, ಅವುಗಳನ್ನು ನೋಡುವ ಕಣ್ಣೂ ಕೆಳಗಿನಿಂದ ಬರುತ್ತದೆ.

ಮಧ್ಯಾಹ್ನದ ನೇರ ಬಿಸಿಲು ಬೇಡ. ತೆಳುಮೋಡದ ಬೆಳಕು ಅಥವಾ ಬಯಲಿನ ನೆರಳು ಒಳ್ಳೆಯದು.

ಹೆಜ್ಜೆ 4: ತಿರುಗಿಸಿ ನೋಡಿ

ನನ್ನ ಮಾನ ಕಳೆದದ್ದು ಈ ಹೆಜ್ಜೆಯನ್ನು ಬಿಟ್ಟದ್ದರಿಂದ. ಕೀಟವನ್ನು ಕೈಯಿಂದ ಹಿಡಿಯಬೇಡಿ. ಮುಂಗಾಲಿನ ಮುಳ್ಳುಗಳು ಚುಚ್ಚುತ್ತವೆ, ಅದಕ್ಕಿಂತ ಹೆಚ್ಚಾಗಿ ಅದರ ಕಾಲು ಮುರಿಯಬಹುದು. ಕಡ್ಡಿಯನ್ನು ಅದರ ಮುಂದೆ ಓರೆಯಾಗಿ ಹಿಡಿದು ಹಿಂದಿನಿಂದ ಕುಂಚದಲ್ಲಿ ಮೆಲ್ಲಗೆ ತಾಕಿದರೆ ಸಾಮಾನ್ಯವಾಗಿ ತಾನೇ ಹತ್ತಿಕೊಳ್ಳುತ್ತದೆ. ಮ್ಯಾಂಟಿಸ್‌ಗಳಿಗೆ ಮೇಲಕ್ಕೆ ಹತ್ತುವ ಚಪಲ ಜಾಸ್ತಿ. ತುದಿ ಮುಟ್ಟಿದಾಗ ಕಡ್ಡಿಯನ್ನು ಮೇಲೆಕೆಳಗು ಮಾಡಿದರೆ ಮತ್ತೆ ಹತ್ತಲು ಶುರುಮಾಡುತ್ತದೆ. ಹೀಗೆ ಬೇಕಾದ ದಿಕ್ಕಿಗೆ ತಂದುಕೊಳ್ಳಬಹುದು.

ಬೆಳಕಿನ ಮೂಲವನ್ನೂ ಕ್ಯಾಮೆರಾವನ್ನೂ ಅಲುಗಿಸದೆ ಒಂದು ಚಿತ್ರ ತೆಗೆಯಿರಿ. ಆಮೇಲೆ ಕಡ್ಡಿಯನ್ನು 180 ಡಿಗ್ರಿ ತಿರುಗಿಸಿ ಇನ್ನೊಂದು. ಬಣ್ಣದ ವ್ಯತ್ಯಾಸ ಕೀಟದ ಜೊತೆಗೇ ತಿರುಗಿದರೆ ಅದು ರೆಕ್ಕೆಯದು. ಕೋಣೆಯ ಅದೇ ಮಗ್ಗುಲಲ್ಲಿ ಉಳಿದರೆ ಬೆಳಕಿನದು. ಇಷ್ಟು ಸರಳ ಪರೀಕ್ಷೆ ಎಷ್ಟು ‘ಅಪರೂಪ’ಗಳನ್ನು ನುಂಗಿಹಾಕುತ್ತದೆ ಎಂದು ಮಾಡಿನೋಡಿದವರಿಗೇ ಗೊತ್ತು.

ಇದರ ಜೊತೆಗೆ ಇನ್ನೊಂದು ಪರೀಕ್ಷೆ. ಕೀಟದ ಹಿಂದೆ ಬಿಳಿ ಕಾಗದ ಹಿಡಿದು, ಹಿಂದಿನಿಂದ ಬೆಳಕು ಬರುವಂತೆ ಒಂದು ಚಿತ್ರ ತೆಗೆಯಿರಿ. ಹಲವು ಮ್ಯಾಂಟಿಸ್‌ಗಳಲ್ಲಿ ಮುಂರೆಕ್ಕೆಯ ಹೊರ ಅಂಚಿನ ಪಟ್ಟಿ ದಟ್ಟವಾಗಿರುತ್ತದೆ, ಒಳಭಾಗ ಅರೆಪಾರದರ್ಶಕ. ಗಂಡುಗಳಲ್ಲಂತೂ ಇನ್ನೂ ತೆಳು. ಎರಡು ರೆಕ್ಕೆ ಹಾಯ್ದ ಕಡೆ ಎರಡು ಪದರ ಸೇರಿ ಬಣ್ಣ ಗಾಢವಾಗುತ್ತದೆ. ಹಾಯ್ದ ಪಟ್ಟಿ ನಡುಗೆರೆಯಿಂದ ಸ್ವಲ್ಪ ಒಂದು ಕಡೆಗೆ ಸರಿದಿದ್ದರೆ ಸಾಕು, ಆ ಮಗ್ಗುಲು ಹೆಚ್ಚು ಕಪ್ಪಾಗಿರುವಂತೆ ಕಾಣುತ್ತದೆ. ಅದು ಬಣ್ಣದ ಅಸಮಮಿತಿಯಲ್ಲ, ಅಂದರೆ ಎಡ–ಬಲಗಳ ನಿಜವಾದ ವ್ಯತ್ಯಾಸವಲ್ಲ, ಮಡಿಕೆಯ ಆಟ.

ಹೆಜ್ಜೆ 5: ಸುಳ್ಳು ಅಸಮಮಿತಿಗಳನ್ನು ಒಂದೊಂದಾಗಿ ತೆಗೆದುಹಾಕಿ

ಬೆಳಕು, ಮಡಿಕೆ ಎರಡನ್ನೂ ದಾಟಿ ಉಳಿದ ವ್ಯತ್ಯಾಸಕ್ಕೆ ಇನ್ನೂ ಕೆಲವು ಸಾಮಾನ್ಯ ಕಾರಣಗಳಿವೆ. ಅತಿ ಹೆಚ್ಚು ಸಿಗುವುದು ಪೊರೆ ಕಳಚುವಾಗಿನ ಅವಘಡ. ಕೊನೆಯ ಪೊರೆಯಿಂದ ಹೊರಬಂದಾಗ ರೆಕ್ಕೆಗಳು ಮುದುಡಿದ ಚಿಕ್ಕ ಚೀಲಗಳಂತಿರುತ್ತವೆ. ಕೀಟ ತಲೆಕೆಳಗಾಗಿ ನೇತಾಡುತ್ತ ಅವುಗಳ ನಾಳಗಳಿಗೆ ದೇಹದ ದ್ರವವನ್ನು ನೂಕಿ ಹಿಗ್ಗಿಸುತ್ತದೆ. ಆಗ ಅವು ಬಿಳಿಚಿಕೊಂಡಿರುತ್ತವೆ. ಗಟ್ಟಿಯಾಗುತ್ತ, ಗಂಟೆಗಳು ಕಳೆದಂತೆ ಬಣ್ಣ ಏರುತ್ತದೆ. ಆ ಹೊತ್ತಿನಲ್ಲಿ ಒಂದು ರೆಕ್ಕೆ ಎಲೆಗೆ ಒತ್ತಿಕೊಂಡರೆ, ಅಥವಾ ಕೀಟ ಕೆಳಗೆ ಬಿದ್ದರೆ, ಅದು ಸುಕ್ಕಾಗಿಯೇ ಉಳಿಯುತ್ತದೆ. ಸುಕ್ಕಾದ ರೆಕ್ಕೆಯಲ್ಲಿ ಅದೇ ಬಣ್ಣ ಕಡಿಮೆ ಜಾಗದಲ್ಲಿ ದಟ್ಟವಾಗಿ ಕಾಣುತ್ತದೆ. ಹಾಗಾಗಿ ಬಣ್ಣ ನೋಡುವ ಮೊದಲು ಎರಡೂ ರೆಕ್ಕೆಯ ಉದ್ದ ಅಳೆಯಿರಿ.

ಗಾಯವಾದ ಕಡೆ ಕೀಟಗಳ ಮೈ ಕಪ್ಪಾಗುತ್ತದೆ. ಅಂಚು ಹರಿದ, ಒಂದೇ ಕಡೆ ಇರುವ ಕಪ್ಪು ಕಲೆ ಬಹುತೇಕ ಇಂಥದೇ.

ಸತ್ತ ಮಾದರಿಗಳ ಬಗ್ಗೆ ಎಚ್ಚರ. ಕೀಟಗಳ ಹಸಿರು ಸಾಮಾನ್ಯವಾಗಿ ಒಂದೇ ವರ್ಣದ್ರವ್ಯದಿಂದ ಬಂದದ್ದಲ್ಲ. ಹಳದಿ ಕ್ಯಾರೊಟಿನಾಯ್ಡ್‌ಗಳೂ ನೀಲಿ ಪಿತ್ತವರ್ಣಕವೂ ಬೆರೆತು ಹಸಿರಾಗುತ್ತದೆ. ಒಣಗಿಸಿದಾಗ ಈ ಹಸಿರು ಕೆಡುತ್ತದೆ, ಕೀಟ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಅದು ಎರಡೂ ಕಡೆ ಒಂದೇ ವೇಗದಲ್ಲಿ ಕೆಡಬೇಕೆಂದೇನಿಲ್ಲ. ಹಳೆಯ ಸಂಗ್ರಹದ ಪೆಟ್ಟಿಗೆಯಲ್ಲಿ ಒಂದು ರೆಕ್ಕೆ ಹಸಿರು, ಇನ್ನೊಂದು ಕಂದು ಎಂದು ಕಂಡರೆ ಮ್ಯಾಂಟಿಸ್‌ಗಿಂತ ಮೊದಲು ಪೆಟ್ಟಿಗೆಯನ್ನು ಅನುಮಾನಿಸಿ. ಬಣ್ಣದ ಮಾತು ಬಂದಾಗ ಜೀವಂತ ಕೀಟದ ಚಿತ್ರಕ್ಕೆ ಸಮಾನವಾದ ಸಾಕ್ಷಿ ಇಲ್ಲ.

ಕೊನೆಯದಾಗಿ, ತೀರಾ ಅಪರೂಪದ್ದೊಂದು: ಅರ್ಧ ದೇಹ ಗಂಡು, ಅರ್ಧ ಹೆಣ್ಣು ಆಗಿರುವ ಕೀಟಗಳು. ಗಂಡು ಹೆಣ್ಣಿನ ಬಣ್ಣ ಬೇರೆಯಿರುವ ಪ್ರಭೇದದಲ್ಲಿ ಇದು ರೆಕ್ಕೆಯಲ್ಲೂ ಕಂಡೀತು. ಆದರೆ ಆಗ ಮೀಸೆಯ ದಪ್ಪ, ರೆಕ್ಕೆಯ ಉದ್ದದಂಥ ಇತರ ಲಕ್ಷಣಗಳೂ ಎರಡು ಕಡೆ ಬೇರೆಯಾಗಿರಬೇಕು. ಬಣ್ಣ ಮಾತ್ರ ಬೇರೆಯಿದ್ದರೆ ಈ ಆಸೆ ಬಿಡಿ.

ಹೆಜ್ಜೆ 6: ಕಣ್ಣಳತೆ ಬಿಟ್ಟು ಸಂಖ್ಯೆಗೆ ಬನ್ನಿ

ಚಿತ್ರ ತಿದ್ದುವ ಯಾವುದೇ ಸಾಮಾನ್ಯ ತಂತ್ರಾಂಶದಲ್ಲಿ ಒಂದು ಚಿಕ್ಕ ಚೌಕವನ್ನು ಆರಿಸಿ ಅದರ ಕೆಂಪು, ಹಸಿರು, ನೀಲಿ ಮೌಲ್ಯಗಳ ಸರಾಸರಿ ಪಡೆಯಬಹುದು. ಹಸಿರಿನ ಮೌಲ್ಯವನ್ನು ಮೂರರ ಮೊತ್ತದಿಂದ ಭಾಗಿಸಿ. ಬೆಳಕು ಸ್ವಲ್ಪ ಹೆಚ್ಚುಕಡಿಮೆಯಾದರೂ ಈ ಪಾಲು ಅಷ್ಟಾಗಿ ಕದಲುವುದಿಲ್ಲ, ಅದಕ್ಕೇ ಬರಿಯ ಹಸಿರಿನ ಮೌಲ್ಯಕ್ಕಿಂತ ಇದು ಮೇಲು.

ಚೌಕ ಎಲ್ಲಿ ಹಾಕಬೇಕು ಎಂಬುದನ್ನು ಚಿತ್ರ ತೆರೆಯುವ ಮೊದಲೇ ತೀರ್ಮಾನಿಸಿ. ರೆಕ್ಕೆಯ ಬುಡದಿಂದ ಉದ್ದದ ಮೂರನೇ ಒಂದು ಭಾಗದಲ್ಲಿ ಒಂದು, ಮೂರನೇ ಎರಡು ಭಾಗದಲ್ಲಿ ಇನ್ನೊಂದು, ಎರಡೂ ಹೊರ ಅಂಚಿನ ಹತ್ತಿರ. ಹೈರೊಡುಲಾ ಕುಲದ ದೊಡ್ಡ ಮ್ಯಾಂಟಿಸ್‌ಗಳಾದರೆ ಪ್ರತಿ ಮುಂರೆಕ್ಕೆಯ ಮೇಲೂ ಒಂದು ಬಿಳಿ ಚುಕ್ಕೆ ಇರುತ್ತದೆ, ಅದನ್ನೇ ಗುರುತುಕಲ್ಲಾಗಿ ಇಟ್ಟುಕೊಳ್ಳಬಹುದು. ಚಿತ್ರ ನೋಡಿದ ಮೇಲೆ ಚೌಕದ ಜಾಗ ಆರಿಸಿದರೆ ನಿಮಗೆ ಬೇಕಾದ ಉತ್ತರವೇ ಬರುತ್ತದೆ. ಇದು ಮೋಸವೆಂದಲ್ಲ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ.

ಅದಕ್ಕೊಂದು ಮದ್ದಿದೆ. ಪ್ರತಿ ಚಿತ್ರವನ್ನು ನಡುಗೆರೆಯಲ್ಲಿ ಕತ್ತರಿಸಿ, ಬಲದ ಅರ್ಧಗಳನ್ನು ಕನ್ನಡಿಯಂತೆ ತಿರುವಿ, ಎಡ ಬಲ ಎಂದು ತಿಳಿಯದಂತೆ ಹೆಸರು ಬದಲಿಸಿ, ಕಲಸಿಬಿಡಿ. ಆಮೇಲೆ ಅಳೆಯಿರಿ, ಅಥವಾ ವಿಷಯ ತಿಳಿಯದ ಗೆಳೆಯರಿಂದ ಅಳೆಸಿ. ಒಂದೇ ರೆಕ್ಕೆಯನ್ನು ಬೇರೆಬೇರೆ ದಿನ ಮೂರು ಸಲ ಅಳೆಯಿರಿ. ಒಂದೇ ರೆಕ್ಕೆಯ ಮೂರು ಅಳತೆಗಳ ನಡುವಿನ ಅಂತರವೇ ಎಡ–ಬಲದ ಅಂತರದಷ್ಟಿದ್ದರೆ, ನೀವು ಅಳೆದದ್ದು ಮ್ಯಾಂಟಿಸನ್ನಲ್ಲ, ನಿಮ್ಮ ಕೈ ನಡುಕವನ್ನು.

ಹೆಜ್ಜೆ 7: ಯಾವ ಜಾತಿಯ ಅಸಮಮಿತಿ?

ಒಂದು ಕೀಟದಿಂದ ಇದು ತಿಳಿಯುವುದಿಲ್ಲ. ಒಂದೇ ಪ್ರಭೇದದ, ಒಂದೇ ಲಿಂಗದ ಹಲವು ಬೇಕು. ಪ್ರತಿಯೊಂದರ ಬಲದ ಸಂಖ್ಯೆಯಿಂದ ಎಡದ್ದನ್ನು ಕಳೆದು ಸಾಲಾಗಿ ಬರೆಯಿರಿ. ಜೀವವಿಜ್ಞಾನಿಗಳು ಇಲ್ಲಿ ಮೂರು ಬಗೆ ಗುರುತಿಸುತ್ತಾರೆ.

ಉತ್ತರಗಳು ಸೊನ್ನೆಯ ಸುತ್ತ ಚದುರಿದ್ದು, ಸಣ್ಣವೇ ಹೆಚ್ಚಾಗಿದ್ದರೆ ಅದು ಬೆಳವಣಿಗೆಯ ಏರುಪೇರು. ನಮ್ಮ ಎರಡು ಕಿವಿಗಳು ಕೂದಲೆಳೆಯಷ್ಟು ಬೇರೆಯಿರುವಂತೆ. ಬಹುತೇಕ ಎಲ್ಲ ಕೀಟಗಳಲ್ಲೂ ಒಂದೇ ಕಡೆ ವಾಲಿದರೆ ಅದು ನಿಶ್ಚಿತ ದಿಕ್ಕಿನ ಅಸಮಮಿತಿ. ಮೂರನೆಯದು ವಿಚಿತ್ರ: ಪ್ರತಿ ಕೀಟವೂ ಎದ್ದುಕಾಣುವಷ್ಟು ಅಸಮ, ಆದರೆ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ. ಸೊನ್ನೆಯ ಹತ್ತಿರ ಯಾರೂ ಇರುವುದಿಲ್ಲ.

ಎಷ್ಟು ಕೀಟ ಸಾಕು? ನಾಣ್ಯ ಚಿಮ್ಮುವ ಲೆಕ್ಕ ಹಾಕಿ. ಹತ್ತರಲ್ಲಿ ಒಂಬತ್ತೋ ಹತ್ತೋ ಒಂದೇ ಕಡೆಗೆ ವಾಲುವುದು ಬರೀ ಆಕಸ್ಮಿಕವಾಗಿ ನಡೆಯುವ ಸಾಧ್ಯತೆ 1,024ರಲ್ಲಿ 22, ಅಂದರೆ ಶೇ 2ರ ಆಸುಪಾಸು. ಹತ್ತರಲ್ಲಿ ಏಳು ಎಂದರೆ ಏನೂ ಹೇಳಿದಂತಾಗುವುದಿಲ್ಲ, ಅಷ್ಟು ನಾಣ್ಯವೂ ಮಾಡುತ್ತದೆ.

ಈ ಪಟ್ಟಿಯಲ್ಲಿ ಇನ್ನೊಂದು ಸಾಲನ್ನು ಖಂಡಿತ ಸೇರಿಸಿ: ಯಾವ ರೆಕ್ಕೆ ಮೇಲಿತ್ತು. ಅದೇ ಕೀಟವನ್ನು ಹಾರಿ ಕುಳಿತ ಮೇಲೆ ಮತ್ತೆ ನೋಡಿ, ಕ್ರಮ ಬದಲಾಯಿತೇ ಎಂದು ಬರೆದುಕೊಳ್ಳಿ. ಕೆಳಗಿನ ರೆಕ್ಕೆಯೇ ಯಾವಾಗಲೂ ತೆಳುಬಣ್ಣದ್ದಾಗಿದ್ದು, ವ್ಯತ್ಯಾಸ ಮುಚ್ಚಿಹೋಗುವ ಪಟ್ಟಿಗೆ ಮಾತ್ರ ಸೀಮಿತವಾಗಿದ್ದರೆ ನಿಮಗೆ ಉತ್ತರ ಸಿಕ್ಕಂತೆ. ಇದು ಏಳು ಚುಕ್ಕೆಯ ಜಿರಳೆಯ ಕತೆಯೇ.

ಮುಚ್ಚಿದ ಪಟ್ಟಿಯನ್ನು ನೋಡುವುದು ಹೇಗೆ ಎಂದು ಕೇಳುತ್ತೀರಿ. ಜೀವಂತ ಕೀಟದ ರೆಕ್ಕೆಯನ್ನು ಎಳೆದು ಬಿಡಿಸಬೇಡಿ. ಹಲವು ಮ್ಯಾಂಟಿಸ್‌ಗಳು ಬೆದರಿದಾಗ ತಾವೇ ರೆಕ್ಕೆ ಎತ್ತಿ ಹರಡಿ ಹೆದರಿಸಲು ನೋಡುತ್ತವೆ, ಕ್ಯಾಮೆರಾ ಸಿದ್ಧವಿದ್ದರೆ ಆ ಕ್ಷಣ ಸಾಕು. ಹಾಗಂತ ಬೇಕೆಂದೇ ಪದೇಪದೇ ಕೆಣಕುವುದು ತಪ್ಪು. ಆಯಸ್ಸು ಮುಗಿದು ಆಗತಾನೇ ಸತ್ತದ್ದು ಸಿಕ್ಕರೆ ಇನ್ನೂ ಒಳ್ಳೆಯದು: ಬಿಳಿ ಕಾಗದದ ಮೇಲಿಟ್ಟು, ಕುಂಚದಿಂದ ರೆಕ್ಕೆ ಹರಡಿ, ಅಂಚಿನ ಮೇಲೆ ಕಾಗದದ ಪಟ್ಟಿ ಇಟ್ಟು ಅಂದೇ ಚಿತ್ರ ತೆಗೆಯಿರಿ.

ಹೆಜ್ಜೆ 8: ಈಗ ಛದ್ಮವೇಷದ ಪ್ರಶ್ನೆ

ಹೊರಗೆ ಕಾಣುವ ಭಾಗದಲ್ಲೇ ನಿಜವಾದ ವ್ಯತ್ಯಾಸವಿದೆ ಎಂದಾದರೆ, ಅದು ಕೀಟಕ್ಕೆ ಲಾಭವೋ ನಷ್ಟವೋ? ಇಲ್ಲಿ ಆತುರ ಬೇಡ.

ಹಿನ್ನೆಲೆಗೆ ಹೊಂದುವ ಬಣ್ಣ ಜೀವ ಉಳಿಸುತ್ತದೆ ಎಂಬುದಕ್ಕೆ ಮ್ಯಾಂಟಿಸ್‌ಗಳ ಮೇಲೆಯೇ ನಡೆದ ಹಳೆಯ ಪ್ರಯೋಗವಿದೆ. ಡಿ ಚೆಸ್ನೋಲಾ ಎಂಬ ಸಂಶೋಧಕ ಇಟಲಿಯಲ್ಲಿ ಮ್ಯಾಂಟಿಸ್ ರಿಲಿಜಿಯೋಸಾ ಎಂಬ ಪ್ರಭೇದದ ಹಸಿರು ಮತ್ತು ಕಂದು ಕೀಟಗಳನ್ನು ರೇಷ್ಮೆ ದಾರದಿಂದ ಗಿಡಗಳಿಗೆ ಕಟ್ಟಿದ. ಕೆಲವನ್ನು ತಮ್ಮ ಬಣ್ಣದ ಹುಲ್ಲಿನಲ್ಲಿ, ಉಳಿದವನ್ನು ಹೊಂದದ ಹುಲ್ಲಿನಲ್ಲಿ. 1904ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹೊಂದಿದ ಕಡೆ ಇದ್ದವು ಉಳಿದುಕೊಂಡವು, ಹೊಂದದ ಕಡೆ ಇದ್ದವುಗಳಲ್ಲಿ ಹೆಚ್ಚಿನವು ಬೇಟೆಗೆ ಬಲಿಯಾದವು. ದಾರ ಕಟ್ಟಿದ ಕೀಟ ಓಡಲಾರದು ಎಂಬ ತಕರಾರು ನನಗಿದೆ, ಆದರೂ ಪ್ರಯೋಗದ ನೇರತನ ಇಷ್ಟವಾಗುತ್ತದೆ.

ಸಮಮಿತಿಯ ವಿಷಯ ಇನ್ನೂ ಸ್ವಾರಸ್ಯದ್ದು. ಎಡ–ಬಲ ಒಂದೇ ಆಗಿರುವ ಆಕೃತಿ ಎಲೆ ಕಡ್ಡಿಗಳ ಗೋಜಲಿನ ನಡುವೆ ‘ಇಲ್ಲೊಂದು ಜೀವವಿದೆ’ ಎಂದು ಕೂಗಿ ಹೇಳಿದಂತೆ. ಕೃತಕ ಬೇಟೆಗಳನ್ನು ಮಾಡಿ ಹಕ್ಕಿಗಳಿಗೆ ಒಡ್ಡಿದ ಪ್ರಯೋಗಗಳಲ್ಲಿ, ಮರೆಮಾಚುವ ಬಣ್ಣವಿದ್ದರೂ ಗುರುತುಗಳು ಸಮಮಿತಿಯಲ್ಲಿದ್ದರೆ ಹಕ್ಕಿಗಳು ಅವನ್ನು ಸುಲಭವಾಗಿ ಪತ್ತೆಮಾಡಿದ್ದು ಕಂಡುಬಂದಿದೆ. ಹಾಗಾದರೆ ಒಂದು ರೆಕ್ಕೆ ಹಸಿರು, ಇನ್ನೊಂದು ಕಂದು ಇದ್ದರೆ ಅಡಗಲು ಅನುಕೂಲವಲ್ಲವೇ? ಆಗಬಹುದಿತ್ತು. ಆದರೆ ದೇಹದ ಎರಡೂ ಮಗ್ಗುಲು ಒಂದೇ ಅನುವಂಶಿಕ ಸೂಚನೆಯಿಂದ ಬೆಳೆಯುತ್ತವೆ. ಹಾರುವ ರೆಕ್ಕೆಯ ಆಕಾರವನ್ನಂತೂ ಬೇಕೆಂದಂತೆ ಅಸಮ ಮಾಡಲಾಗದು. ಅದಕ್ಕೇ ಇರಬೇಕು, ಮ್ಯಾಂಟಿಸ್‌ಗಳು ಸಮಮಿತಿಯನ್ನು ಬಣ್ಣಕ್ಕಿಂತ ಭಂಗಿಯಿಂದ ಮುರಿಯುವುದನ್ನು ನಾನು ಹೆಚ್ಚು ನೋಡಿದ್ದೇನೆ: ದೇಹ ವಾಲಿಸಿ ಕೂರುವುದು, ಒಂದು ಕಾಲು ಚಾಚುವುದು, ಗಾಳಿಗೆ ಎಲೆ ಆಡುವಂತೆ ಓಲಾಡುವುದು. ಒಣ ಎಲೆಯಂತಿರುವ ಫಿಲ್ಲೊಕ್ರಾನಿಯಾ ಪ್ಯಾರಡಾಕ್ಸಾ ಇನ್ನೂ ಮುಂದೆ ಹೋಗಿ, ತಲೆಯ ಮೇಲಿನ ಕೋಡನ್ನೇ ಸೊಟ್ಟಗೆ ಬೆಳೆಸಿಕೊಂಡಿದೆ.

ನೀವೇ ಪರೀಕ್ಷಿಸಲು ಹೆಜ್ಜೆ 3ರ ದೂರದ ಚಿತ್ರಕ್ಕೆ ಮರಳಿ. ಅದರ ಎರಡು ನಕಲು ಮಾಡಿ. ಒಂದರಲ್ಲಿ ಬಲರೆಕ್ಕೆಗೆ ಎಡದ ಬಣ್ಣ ಕೊಟ್ಟು ಸಮ ಮಾಡಿ, ಇನ್ನೊಂದನ್ನು ಹಾಗೇ ಬಿಡಿ. ಒಬ್ಬರಿಗೆ ಒಂದನ್ನು ಮಾತ್ರ ತೋರಿಸಿ, ಕೀಟ ಹುಡುಕಲು ಎಷ್ಟು ಸೆಕೆಂಡು ಬೇಕಾಯಿತೆಂದು ಬರೆದುಕೊಳ್ಳಿ. ಮನುಷ್ಯನ ಕಣ್ಣು ಹಕ್ಕಿಯ ಕಣ್ಣಲ್ಲ. ಅನೇಕ ಹಕ್ಕಿಗಳು ನಮಗೆ ಕಾಣದ ಅತಿನೇರಳೆಯನ್ನೂ ಕಾಣುತ್ತವೆ. ಆದ್ದರಿಂದ ಇದೇ ಚಿತ್ರಗಳನ್ನು ಕಪ್ಪು–ಬಿಳುಪಿಗೆ ಇಳಿಸಿಯೂ ತೋರಿಸಿ. ಬಣ್ಣ ತೆಗೆದ ಮೇಲೂ ವ್ಯತ್ಯಾಸ ಉಳಿದರೆ ಅದು ಬೆಳಕು–ನೆರಳಿನ ವ್ಯತ್ಯಾಸ, ಬೇಟೆಗಾರ ಯಾರೇ ಆದರೂ ಅದು ಅವರ ಕಣ್ಣಿಗೆ ಬೀಳುವ ಸಂಭವ ಹೆಚ್ಚು.

ಹೆಜ್ಜೆ 9: ಸಾಧ್ಯವಾದರೆ ಕೊನೆಯ ಪೊರೆಯನ್ನು ಕಾದು ನೋಡಿ

ಮ್ಯಾಂಟಿಸ್‌ಗಳ ಹಸಿರು–ಕಂದು ಬಣ್ಣ ಹುಟ್ಟಿನಿಂದಲೇ ಗಟ್ಟಿಯಾಗಿ ನಿಂತದ್ದಲ್ಲ. ತೇವ, ಬೆಳಕು, ಉಷ್ಣತೆಗಳಿಗೆ ತಕ್ಕಂತೆ ಹಲವು ಪ್ರಭೇದಗಳಲ್ಲಿ ಪೊರೆ ಕಳಚುವಾಗ ಬದಲಾಗುತ್ತದೆ. ಆಫ್ರಿಕಾ, ಆಸ್ಟ್ರೇಲಿಯಾಗಳ ಸುಟ್ಟ ಹುಲ್ಲುಗಾವಲುಗಳಲ್ಲಿ ಬೆಂಕಿಯ ನಂತರ ಕಪ್ಪು ಬಣ್ಣ ತಾಳುವ ಪ್ರಭೇದಗಳೂ ಇವೆ. ಆದರೆ ತೇವವಾಗಲಿ ಬೆಳಕಾಗಲಿ ಇಡೀ ಕೀಟಕ್ಕೆ ತಾಗುತ್ತವೆ, ಅರ್ಧಕ್ಕಲ್ಲ. ಹಾಗಾಗಿ ಹಿನ್ನೆಲೆಗೆ ಹೊಂದಿಕೊಳ್ಳುವ ಬದಲಾವಣೆಯಿಂದ ಒಂದೇ ರೆಕ್ಕೆ ಬೇರೆಯಾಯಿತು ಎಂದು ಹೇಳುವ ಮೊದಲು ಹತ್ತು ಸಲ ಯೋಚಿಸಿ.

ರೆಕ್ಕೆಯ ಮೊಗ್ಗು ಉಬ್ಬಿದ ಮರಿಯೊಂದನ್ನು ಒಂಟಿಯಾಗಿ ಇಡಿ; ಜೊತೆಗಿಟ್ಟರೆ ಒಂದು ಇನ್ನೊಂದನ್ನು ತಿಂದೀತು. ಗೂಡಿನ ಎತ್ತರ ಅದರ ಮೈಯುದ್ದದ ಮೂರು ಪಟ್ಟಾದರೂ ಇರಲಿ, ಮೇಲ್ಭಾಗದಲ್ಲಿ ಹಿಡಿದು ನೇತಾಡಲು ಬಲೆ ಇರಲಿ. ಆಗಾಗ ನೀರು ಚಿಮುಕಿಸಿ. ಆಹಾರ ಬಿಟ್ಟು ನೇತಾಡಲು ಶುರುಮಾಡಿತೆಂದರೆ ಸಮಯ ಹತ್ತಿರ ಬಂದಿದೆ. ಗೂಡಿನಲ್ಲಿರುವ ಬೇಟೆ ಕೀಟಗಳನ್ನು ತೆಗೆದುಬಿಡಿ, ಅಲುಗಿಸಬೇಡಿ. ರೆಕ್ಕೆ ಹಿಗ್ಗಿದ ಕೂಡಲೇ ಒಂದು ಚಿತ್ರ, ಒಂದು ಗಂಟೆಗೆ ಇನ್ನೊಂದು, ಮೂರು ಗಂಟೆಗೆ, ಮರುದಿನ ಬೆಳಗ್ಗೆ. ಎರಡೂ ರೆಕ್ಕೆಗೆ ಬಣ್ಣ ಒಟ್ಟಿಗೆ ಏರುತ್ತದೆಯೇ, ಮಡಚಿದಾಗ ಯಾವುದು ಮೊದಲು ಕೆಳಗೆ ಹೋಯಿತು, ಮುಚ್ಚಿದ ಪಟ್ಟಿ ಹಿಂದೆ ಉಳಿಯಿತೇ, ಎಲ್ಲವನ್ನೂ ಈ ನಾಲ್ಕೇ ಚಿತ್ರಗಳಿಂದ ಓದಬಹುದು.

ಕೆಲಸ ಮುಗಿದ ಮೇಲೆ ಅದನ್ನು ತಂದ ಗಿಡದ ಮೇಲೆಯೇ ಬಿಡಿ. ಕಡ್ಡಿಯಿಂದ ಇಳಿದು ಎಲೆಗಳ ನಡುವೆ ಎರಡು ಹೆಜ್ಜೆ ಇಟ್ಟಿತೆಂದರೆ, ಇಷ್ಟು ದಿನ ಮಿಲಿಮೀಟರ್ ಲೆಕ್ಕದಲ್ಲಿ ನೋಡಿದ ನಿಮ್ಮ ಕಣ್ಣಿಗೂ ಅದು ಮತ್ತೆ ಸಿಗುವುದು ಕಷ್ಟ.